ಅತ್ತೆಯ ಆರು ಬಾತುಕೋಳಿ, ಆರು ಬಣ್ಣ

ಕೆರೆಬಿಳಚಿಯ ನಮ್ಮ ಸೋದರತ್ತೆಯ ಮನೆಗೆ ಹೋಗುವಾಗ ನನಗೆ ನಾಯಿಯ ಭಯವಿಲ್ಲ, ಹಾವಿನ ಭಯವೂ ಇಲ್ಲ. ಭಯವೆಲ್ಲ ಅವರು ಹಿತ್ತಲಿಗೆ ಕರೆದೊಯ್ದು ಕೇಳುವ ಒಂದೇ ಪ್ರಶ್ನೆಯದು: "ಇದು ಯಾವ ಬಣ್ಣ, ಹೇಳು?"

ಹಿತ್ತಲಲ್ಲಿರುವುದು ಆರು ಬಾತುಕೋಳಿ. ಒಂದೇ ತಳಿ, ಆರೂ ಖಾಕಿ. ಹಾಗಂತ ಅತ್ತೆಯ ಎದುರು ಅಂದು ನೋಡಿ! ನಾನೊಮ್ಮೆ ಅಂದಿದ್ದೆ. ನಾನು ಜಗಳೂರಿನವನು, ನಮ್ಮ ಕಡೆ ಕುರಿ ಬಿಟ್ಟರೆ ಕುರಿ. ಬಾತುಕೋಳಿಯ ಸೂಕ್ಷ್ಮ ನನಗೆಲ್ಲಿಂದ ಬರಬೇಕು? ಅತ್ತೆ ನನಗೆಂದು ತಂದ ಕಾಫಿಯನ್ನು ಹಾಗೇ ಒಳಗೆ ಒಯ್ದರು. ಹುರಿಗಡಲೆ ಸಿಪ್ಪೆ, ಹಳೇ ಬೆಲ್ಲ, ಡಿಕಾಕ್ಷನ್, ಒಣಗಿದ ಅಡಿಕೆ, ರಾಗಿಹಿಟ್ಟು, ಗೋಣಿಚೀಲ ಎಂದು ಆರೂ ಬಣ್ಣವನ್ನು ತಪ್ಪಿಲ್ಲದೆ ಒಪ್ಪಿಸಿದ ಮೇಲೆಯೇ ಲೋಟ ಹೊರಗೆ ಬಂದದ್ದು. ಅಷ್ಟರಲ್ಲಿ ಕಾಫಿ ತಣ್ಣಗಾಗಿತ್ತು.

ಅತ್ತೆಗೂ ಒಂದು ಭಯವಿದೆ, ಅದಲುಬದಲಾಗುವ ಭಯ. ಮದುವೆಮನೆಯಲ್ಲಿ ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡೇ ಊಟಕ್ಕೆ ಕೂರುತ್ತಾರೆ. ಹೊನ್ನಾಳಿಯಲ್ಲಿ ಮಗಳ ಹೆರಿಗೆಯಾದಾಗ, ಕೂಸಿನ ಕಿವಿಯ ಹಿಂದಿನ ಮಚ್ಚೆ ನೋಡಿಕೊಂಡ ಮೇಲೆಯೇ ಅದನ್ನು ನರ್ಸಮ್ಮನ ಕೈಗೆ ಕೊಟ್ಟರಂತೆ. ಅವತ್ತು ವಾರ್ಡಿನಲ್ಲಿದ್ದದ್ದು ಅದೊಂದೇ ಕೂಸು!

ಹೋದ ಸುಗ್ಗಿಯಲ್ಲಿ, ನಾನು ಅಲ್ಲಿದ್ದಾಗಲೇ, ಆ ಭಯ ನಿಜವಾಯಿತು. ಭತ್ತ ಕೊಯ್ದ ಗದ್ದೆಗಳಲ್ಲಿ ಮೇಯಿಸಲು ಯಾವುದೋ ಊರಿನವನೊಬ್ಬ ಸಾವಿರಾರು ಬಾತುಕೋಳಿ ತಂದು ಬಿಟ್ಟಿದ್ದ. ಅತ್ತೆಯ ಆರೂ ಬೇಲಿ ನುಸುಳಿ ಆ ಹಿಂಡು ಸೇರಿಕೊಂಡವು. ನಾವು ಓಡಿಹೋಗುವಷ್ಟರಲ್ಲಿ ಹಿಂಡನ್ನು ಒಯ್ಯುವ ಲಾರಿ ಬಂದು ನಿಂತಿತ್ತು, ತುಂಬುವುದೂ ಶುರುವಾಗಿತ್ತು. ಅತ್ತೆ ಲಾರಿಗೂ ಹಿಂಡಿಗೂ ನಡುವೆ ಓಡಾಡತೊಡಗಿದರು. ನನಗೂ ಹೆದರಿಕೆಯಾಯಿತು, ಬಾತುಕೋಳಿಗಿಂತ ಹೆಚ್ಚಾಗಿ ಅತ್ತೆಯನ್ನು ನೋಡಿ. ಹಿಂಡಿನವನು ಒಳ್ಳೆಯವನೇ. ಯಾವುದಾದರೂ ಆರು ಹಿಡಿದುಕೊಂಡು ಹೋಗಿ ಅಂದ. ಅತ್ತೆ ನೋಡಿದ ನೋಟಕ್ಕೆ ಹಿಂದೆ ಸರಿದ.

ಗ್ರಹಚಾರ ನೋಡಿ, ಹಿಂಡು ಆಗಷ್ಟೇ ನಾಲೆಯಿಂದ ಎದ್ದು ಬಂದಿತ್ತು. ಗರಿ ನೆಂದರೆ ಬೆಲ್ಲವೂ ಒಂದೇ, ಡಿಕಾಕ್ಷನ್ನೂ ಒಂದೇ! ಅತ್ತೆ ಹೋಗಿ ಲಾರಿಯ ಮುಂದೆ ಕೂತೇಬಿಟ್ಟರು.

"ಗರಿ ಒಣಗಾವರೆಗೂ ಲಾರಿ ಅಲ್ಲಾಡಂಗಿಲ್ಲಪ್ಪ. ಬೇಕಾದ್ರೆ ನನ್ನ ಮ್ಯಾಲೆ ಹತ್ತಿಸ್ಕೊಂಡು ಹೋಗು."

ಡ್ರೈವರ್ ಬೀಡಿ ಹಚ್ಚಿದ. ಬಿಸಿಲೇರಿತು. ಹಕ್ಕಿಗಳು ಕೊಕ್ಕಿನಿಂದ ಗರಿ ತೀಡಿಕೊಂಡು ಒಣಗಿದವು. ಅತ್ತೆ ಎದ್ದು ಹಿಂಡಿನೊಳಗೆ ನಡೆದು ಒಂದೊಂದಾಗಿ ಐದನ್ನು ಎತ್ತಿಕೊಟ್ಟರು. ಗೋಣಿಚೀಲದ ಬಣ್ಣದ್ದು ಮಾತ್ರ ಇಲ್ಲ! ಅತ್ತೆಯ ಮುಖ ನೋಡಲಾಗದೆ ನಾನೇ ಒಂದನ್ನು ಹಿಡಿದು ತಂದು ಇದೇ ಅಲ್ಲವೇ ಅಂದೆ. ಅದು ಗೋಣಿಚೀಲವಲ್ಲ, ತೆಂಗಿನ ನಾರು ಅಂದರು. ಕೊನೆಗೆ ಲಾರಿ ಹತ್ತಿ, ಆಗಲೇ ತುಂಬಿದ್ದ ಬುಟ್ಟಿಗಳಲ್ಲಿ ಹುಡುಕಿ, ಅದನ್ನು ಎದೆಗವಚಿಕೊಂಡು ಇಳಿದರು. ನನಗೆ ಹೋದ ಜೀವ ಬಂದಂತಾಯಿತು.

ಲಾರಿ ಹೊರಟಿತು. ಅತ್ತೆ ಮಾತ್ರ ಮನೆಯ ಕಡೆ ತಿರುಗಲಿಲ್ಲ. ದೂಳಿನಲ್ಲಿ ದೂರವಾಗುತ್ತಿದ್ದ ಲಾರಿಯನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು. ಆರೂ ಸಿಕ್ಕವಲ್ಲ, ಇನ್ನೇಕೆ ಅಳು ಎಂದು ಕೇಳಿದೆ.

"ನಮ್ಮವು ಸಿಕ್ಕವು ಬಿಡು ಮಗಾ. ಅಷ್ಟು ಹೋದವಲ್ಲ, ಅದ್ರಾಗೆ ಒಂದು ಕಳೆದ್ರೆ ಹುಡುಕಾಕೆ ಯಾರದಾರೆ?"