ನಿದ್ದೆಯಲ್ಲಿ ನಾನು ಯಾವ ತಾಲ್ಲೂಕಿನವಳು

ಮಧ್ಯಾಹ್ನದ ನಿದ್ದೆಯಿಂದ ಮನೆಗೆಲಸ ಕೆಡುತ್ತದೆ ಎನ್ನುತ್ತಾರೆ. ನನಗೆ ಕೆಟ್ಟಿದ್ದು ಕೆಲಸವಲ್ಲ, ಮರ್ಯಾದೆ.

ಮೊಮ್ಮಗಳು ಶ್ವೇತಾ ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ಜಿಲ್ಲೆಯ ನಕ್ಷೆ ಕೊಟ್ಟು, ಯಾವ ತಾಲ್ಲೂಕಿನಲ್ಲಿ ಯಾವ ಮಾತಿನವರು ಹೆಚ್ಚು ಎಂದು ಬಣ್ಣ ಹಚ್ಚಿ ತರಲು ಹೇಳಿದ್ದರಂತೆ. ಕನ್ನಡಕ್ಕೆ ಹಳದಿ, ತೆಲುಗಿಗೆ ನೀಲಿ, ಉರ್ದುವಿಗೆ ಗುಲಾಬಿ. ಮಂಚೇನಹಳ್ಳಿಯ ನಮ್ಮ ಪಡಸಾಲೆಯಲ್ಲಿ ನಕ್ಷೆ ಹಾಸಿಕೊಂಡು ಕೂತಳು. ನಮ್ಮೂರಿರುವ ಗೌರಿಬಿದನೂರಿನ ಕಡೆ ಬಂದಾಗ ಅವಳ ಕೈ ನಿಂತಿತು.

"ಅಜ್ಜಿ, ನಮ್ಮನೆ ಯಾವ ಬಣ್ಣ?"

"ಹಳದಿ ಕಣೇ. ನಿಮ್ಮಮ್ಮ ಒಬ್ಬಳನ್ನ ಬಿಟ್ಟು."

ಸೊಸೆ ಪದ್ಮ ಬಾಗೇಪಲ್ಲಿ ಕಡೆಯವಳು. ಮದುವೆಯಾಗಿ ಬಂದಾಗಿನಿಂದ ಅವಳನ್ನು ತೆಲುಗಮ್ಮ ಎಂದೇ ಕರೆಯುತ್ತೇನೆ. ನಾನು ಚಿಂತಾಮಣಿ ಕಡೆಯ ಹಳ್ಳಿಯವಳು. ತವರಿನಲ್ಲಿ ಯಾವ ಭಾಷೆ ಆಡುತ್ತಿದ್ದೆವೆಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸೊಸೆಯ ಮೇಲೆ ಅತ್ತೆಗೆ ಇರುವ ಹಿಡಿತವೇ ಎಷ್ಟು? ಅದರಲ್ಲಿ ಇದೊಂದನ್ನು ಬಿಡುವಂತಿರಲಿಲ್ಲ.

ಶ್ವೇತಾ ಬಣ್ಣ ಉಜ್ಜುವುದನ್ನು ನೋಡುತ್ತಾ ಗೋಡೆಗೆ ಒರಗಿದೆ. ಕಣ್ಣು ಎಳೆಯಿತು. ಚಿಂತಾಮಣಿಯಲ್ಲಿ ಬಸ್ಸು ಹತ್ತಿ ಕಿಟಕಿಗೆ ತಲೆಯಿಟ್ಟು ಕೂತಿದ್ದೇನೆ. ಹತ್ತುವವರು ತೆಲುಗಿನಲ್ಲಿ ಸೀಟಿಗೆ ಜಗಳವಾಡುತ್ತಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮೂಟೆಗಳ ಜೊತೆ ಉರ್ದು ಹತ್ತುತ್ತದೆ. ಚಿಕ್ಕಬಳ್ಳಾಪುರದಲ್ಲಿ ಹೂವಿನ ಬುಟ್ಟಿ, ಕನ್ನಡ. ಗೂಡಿನ ವಾಸನೆಗೆ ಸೇವಂತಿಗೆಯ ವಾಸನೆ ಸೇರಿದ ಹಾಗೆ ಮಾತುಗಳೂ ಸೇರಿಕೊಂಡು, ಯಾವುದು ಎಲ್ಲಿ ಇಳಿಯಿತೋ ತಿಳಿಯುವುದಿಲ್ಲ. ಬಸ್ಸು ನೀಲಿಯಿಂದ ಹಳದಿಗೆ ತೇಲುತ್ತದೆ, ನಡುವೆ ಒಂದು ಕುಲುಕಾಟವೂ ಇಲ್ಲ. ಕೊನೆಗೆ ಉಳಿದವಳು ನಾನೊಬ್ಬಳೇ, ಲಂಗ ತೊಟ್ಟ ಹುಡುಗಿ. ಡ್ರೈವರ್ ಸೀಟಿನಲ್ಲಿ ನನ್ನಮ್ಮ ಮುದ್ದೆ ಕೋಲು ಹಿಡಿದು ಕೂತಿದ್ದಾಳೆ. ಸತ್ತು ಎಷ್ಟೋ ಕಾಲವಾದವಳು ಬಸ್ಸು ಓಡಿಸುವುದು ಯಾವಾಗ ಕಲಿತಳೋ.

ಎಚ್ಚರವಾದಾಗ ಪದ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಏನೇ ತೆಲುಗಮ್ಮ, ಏನು ನಗು?"

"ಯಾರತ್ತೆ ತೆಲುಗಮ್ಮ? ಈಗ ನೀವೇ 'ಅಮ್ಮಾ, ಆಕಲೇಸ್ತಾಂದಿ' ಅಂತ ಕೂಗಿದ್ರಲ್ಲ! ಹಸಿವಾದ್ರೆ ನಮ್ಮೂರ ಮಕ್ಕಳೂ ಹಂಗೇ ಅಳ್ತಾರೆ."

"ಕನಸಲ್ಲಿ ಯಾರು ಏನು ಬೇಕಾದ್ರೂ ಅಂತಾರೆ, ಹೋಗೇ."

"ಹೌದತ್ತೆ. ಎದ್ದಿದ್ದಾಗ ತಾನೇ ಹುಷಾರಾಗಿ ಮಾತಾಡೋದು."

ಶ್ವೇತಾ ಹಳದಿಯ ಮೇಲೆ ನೀಲಿ ಉಜ್ಜಿದಳು, ಗುಲಾಬಿಯನ್ನೂ ಸವರಿದಳು. ಒಳ್ಳೆ ರಾಗಿ ಹಿಟ್ಟಿನ ಬಣ್ಣ ಬಂತು.

"ಮೇಷ್ಟ್ರು ಒಪ್ತಾರೇನೇ ಇದನ್ನ?"

"ಒಪ್ಪದಿದ್ರೆ ನಿನ್ನ ಕರ್ಕೊಂಡು ಹೋಗಿ ಕ್ಲಾಸಲ್ಲಿ ಮಲಗಿಸ್ತೀನಿ ಬಿಡಜ್ಜಿ."

ಅವತ್ತು ಊಟಕ್ಕೆ ಕೂತಾಗ ಇನ್ನೊಂದು ಮುದ್ದೆ ಹಾಕು ಎಂದೆ. ಪದ್ಮಳಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಒಲೆಯ ಕಡೆ ತಿರುಗಿ ಪಾತ್ರೆ ಸರಿಸಿದಳು. ಅವರೆಕಾಳಿನ ಸಾರು ತಟ್ಟೆಯಲ್ಲಿ ಆರುತ್ತಿತ್ತು. ಸಾರು ಆರಿದ ಮೇಲೆ ಮಾನ ಉಳಿಸಿಕೊಂಡು ಏನು ಮಾಡಲಿ? ಕನಸಿನಲ್ಲಿ ಅಮ್ಮನಿಗೆ ಹೇಳಿದ್ದನ್ನೇ ಸೊಸೆಗೂ ಹೇಳಿದೆ. ಮುದ್ದೆ ಬಂತು, ಅದರ ಮೇಲೆ ತುಪ್ಪವೂ ಬಂತು. ಇಷ್ಟು ವರ್ಷ ಕನ್ನಡದಲ್ಲಿ ಕೇಳಿದಾಗ ತುಪ್ಪ ಬಂದಿದ್ದು ನನಗೆ ನೆನಪಿಲ್ಲ.