ಕಾರಿಗೆ ಕಂಬಳಿ ಹೊದಿಸಿದ ಡಾಕ್ಟರರು

ಡಾಕ್ಟರನ್ನು ಮದುವೆಯಾಗುವ ಹುಡುಗಿಯರಿಗೆ ನಾನೊಂದು ಮಾತು ಹೇಳುವುದುಂಟು. ಸ್ಟೆತೊಸ್ಕೋಪ್ ಕೊರಳಿಗೆ ಬಿದ್ದ ಗಂಡಸು ಮನುಷ್ಯರನ್ನಷ್ಟೇ ಪರೀಕ್ಷಿಸಿ ಸುಮ್ಮನಾಗುವುದಿಲ್ಲ. ನಮ್ಮ ಯಜಮಾನರು ಕಾಸರಗೋಡಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಕಾಲದಲ್ಲಿ, ಅಂದರೆ ನಮ್ಮ ಊರು ಇನ್ನೂ ಮದ್ರಾಸಿಗೆ ಸೇರಿದ್ದಾಗ, ಗಡಿಯಾರ ನಿಂತರೂ ಮಾವಿನ ಮಿಡಿ ಉದುರಿದರೂ ಅವರ ಬಳಿ ಒಂದು ಡಯಗ್ನೋಸಿಸ್ ಸಿದ್ಧವಾಗಿರುತ್ತಿತ್ತು. ನಾನಾದರೋ ಕಾನ್ವೆಂಟಿನಲ್ಲಿ ಕಲಿತವಳು. 'ಎಕ್ಸ್‌ಕ್ಯೂಸ್ ಮಿ' ಎಂದು ವಿನಯದಿಂದ ಶುರುಮಾಡಿ ಕೊನೆಗೆ ನನ್ನದೇ ಸರಿ ಎನ್ನುವವಳು. ಮನೆಯಲ್ಲಿ ನಮ್ಮದು ಕೊಂಕಣಿ, ರೋಗಿಗಳೊಡನೆ ಕನ್ನಡ, ತುಳು. ಇಂಗ್ಲಿಷನ್ನು ಮಾತ್ರ ಜಗಳಕ್ಕೆಂದೇ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೆವು. ಈಗ ಜಗಳಕ್ಕೆ ಅವರಿಲ್ಲದೆ ನನ್ನ ಇಂಗ್ಲಿಷಿಗೆ ಬೂಷ್ಟು ಹಿಡಿಯುತ್ತಿದೆ.

ನಮ್ಮ ಕಪ್ಪು ಕಾರು ಯಾರೋ ಎಸ್ಟೇಟಿನ ದೊರೆ ವಿಲಾಯತಿಗೆ ಹಿಂದಿರುಗುವಾಗ ಮಾರಿಹೋದದ್ದು. ಜತೆಗೆ ಒಂದು ಕಟ್ಟು ಇಂಗ್ಲಿಷ್ ಮೋಟಾರು ಪತ್ರಿಕೆಗಳನ್ನೂ ಕೊಟ್ಟಿದ್ದ. ಪತ್ರಿಕೆಗಳನ್ನು ಯಜಮಾನರು ಹಿಡಿದುಕೊಂಡರು, ಸ್ಟಿಯರಿಂಗನ್ನು ನಾನು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಸೀಟಿನಲ್ಲಿ ಕೂತರೆ ನಾನು ಯಾರ ಸೊಸೆಯೂ ಅಲ್ಲ, ಡಾಕ್ಟರರ ಮಿಸೆಸ್ಸೂ ಅಲ್ಲ. ಮಧೂರಿನ ರಸ್ತೆಯಲ್ಲಿ ನನ್ನನ್ನು ಕಂಡು ಸೈಕಲಿನವರು ತಾವಾಗಿಯೇ ಇಳಿದು ನಿಲ್ಲುತ್ತಿದ್ದರು. ಅದು ಗೌರವವೆಂದೇ ನಾನು ತಿಳಿದಿದ್ದೆ.

ಇಂಥ ಕಾರಿಗೆ ಮಳೆಗಾಲದಲ್ಲಿ ಕಾಯಿಲೆ ಹಿಡಿಯಿತು. ಜೋರು ಮಳೆ ಹೊಯ್ದ ಮರುದಿನ ಅದು ಹೊರಡುವುದೇ ಕಷ್ಟ. ಹೊರಟರೂ ಕುಂಬ್ಡಾಜೆಯ ಏರಿನಲ್ಲಿ ಉಬ್ಬಸದವರ ಹಾಗೆ ಎಳೆದು, ಬಿಕ್ಕಿ, ನಿಂತುಬಿಡುವುದು. ಮಂಗಳೂರಿನಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ಬಿಸಿಲು ಬಂದು ಕಾರು ಸಂತನಂತೆ ಓಡುತ್ತಿತ್ತು. ಬಂದ ತಪ್ಪಿಗೆ ಆತ ಬಾನೆಟ್ ಎತ್ತಿ ನನಗೆ ಒಳಗಿನ ಬಳಗವನ್ನೆಲ್ಲ ಪರಿಚಯಿಸಿ ಹೋದ: ಇದು ಕಾರ್ಬ್ಯುರೇಟರ್, ಇದು ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಕಪ್ಪು ಮುಚ್ಚಳದ ಡಬ್ಬಿ. ಯಜಮಾನರು ಚಿಕಿತ್ಸೆ ನಿಲ್ಲಿಸಲಿಲ್ಲ. ಮೊದಲು ಪೆಟ್ರೋಲು ಟ್ಯಾಂಕು ಖಾಲಿ ಮಾಡಿಸಿದರು, ಅದು ಭೇದಿ. ಆಮೇಲೆ ಪ್ಲಗ್ಗು ಕಿತ್ತು ತಿಕ್ಕಿದರು, ಅದು ದಂತವೈದ್ಯ. ಕೊನೆಗೆ ದೊರೆಯ ಪತ್ರಿಕೆಯಲ್ಲಿ ಓದಿದರು: ಚಳಿಗಾಲದಲ್ಲಿ ನಿಂತ ಕಾರಿನ ಎಂಜಿನ್ನಿಗೆ ರಗ್ಗು ಹೊದಿಸಿಡಬೇಕಂತೆ. ಅಲ್ಲಿಂದ ಮುಂದೆ ಕಾರು ಮಳೆಯಲ್ಲಿ ತಿರುಗಿ ಬಂದ ಕೂಡಲೇ ಅವರು ಬಾನೆಟ್ ಎತ್ತಿ ಬಿಸಿ ಎಂಜಿನ್ನಿಗೆ ಕಂಬಳಿ ಹೊದಿಸಿ, ಮಗುವನ್ನು ಮಲಗಿಸಿದಂತೆ ಮೆಲ್ಲಗೆ ಮುಚ್ಚುತ್ತಿದ್ದರು. ಕಾಯಿಲೆ ಹೆಚ್ಚಾಯಿತು. ಅವರು ಕಂಬಳಿ ಎರಡು ಮಾಡಿದರು.

ಕೊನೆಗೆ ಬೇಸತ್ತು, "ಶಿರಿಯದ ಶೆಟ್ರಿಗೆ ಮಾತು ಕೊಟ್ಟಿದ್ದೇನೆ ಲಿಲ್ಲಿ. ಭಾನುವಾರ ಬಂದು ಕಾರು ಕೊಂಡು ಹೋಗ್ತಾರೆ" ಎಂದರು. ಶೆಟ್ಟರು ಮರದ ವ್ಯಾಪಾರಿ. ಇನ್ನು ಮುಂದೆ ನಾನು ಹಿಂದಿನ ಸೀಟಿನವಳು; ಅದೂ ಬಸ್ಸಿನದು.

ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಸಾನ್ನ ಬೇಯಿಸಲು ನಿಂತೆ. ಸಾನ್ನವೆಂದರೆ ಕಳ್ಳು ಹಾಕಿ ಉಬ್ಬಿಸಿ, ಇಡ್ಲಿಯ ಹಾಗೆ ಆವಿಯಲ್ಲಿ ಬೇಯಿಸುವ ನಮ್ಮವರ ತಿಂಡಿ. ದುಃಖದಲ್ಲಿ ಏನೋ ಮರೆತಿದ್ದೆ. ಅತ್ತೆ ಹಿಂದಿನಿಂದ ಗದರಿದರು: "ಮುಚ್ಚಳಕ್ಕೆ ಬಟ್ಟೆ ಕಟ್ಟುವುದಿಲ್ವಾ? ಆವಿಯೆಲ್ಲ ನೀರಾಗಿ ಸಾನ್ನದ ಮೇಲೆ ಬೀಳ್ತದೆ. ಕಾನ್ವೆಂಟಿನಲ್ಲಿ ಎಂತ ಕಲಿಸಿದ್ರೋ!"

ಮುಚ್ಚಳ ಎತ್ತಿದೆ. ಒಳಗೆ ಸಾಲುಸಾಲು ಹನಿ. ಮರುಕ್ಷಣ ನಾನು ಕಾರಿನ ಶೆಡ್ಡಿನಲ್ಲಿದ್ದೆ. ಆಟಿ ತಿಂಗಳ ಜಡಿಮಳೆಯಲ್ಲಿ ನಮ್ಮೂರಿನಲ್ಲಿ ಒಣಗಿದ ಕಂಬಳಿಯನ್ನು ಕಂಡವರಿಲ್ಲ. ಒದ್ದೆ ಕಂಬಳಿ, ಅಡಿಯಲ್ಲಿ ಬಿಸಿ ಎಂಜಿನ್ನು, ಮೇಲೆ ಬಾನೆಟ್ಟು. ನಮ್ಮ ಡಾಕ್ಟರರು ಇಡೀ ರಾತ್ರಿ ಕಾರನ್ನು ಬೇಯಿಸುತ್ತಿದ್ದರು! ಕಂಬಳಿ ಎಳೆದು, ಕಪ್ಪು ಡಬ್ಬಿಯ ಕ್ಲಿಪ್ಪು ಬಿಡಿಸಿದೆ. ಮುಚ್ಚಳದ ಒಳಗೆ, ದೇವರಾಣೆ, ಅದೇ ಹನಿಗಳು. ನೀರಿನ ಮೇಲೆ ಜಾರಿಹೋಗುವ ಕಿಡಿ ಪ್ಲಗ್ಗಿಗೆ ಹೇಗೆ ತಲಪೀತು?

"ಎಕ್ಸ್‌ಕ್ಯೂಸ್ ಮಿ, ಡಾಕ್ಟರ್," ಎಂದು ಕೂಗಿದೆ, "ನಿಮ್ಮ ಪೇಶಂಟು ಬೆವರಿದ್ದಾನೆ!"

"ಬೆವರಿದ್ರೆ ಒಳ್ಳೇದು," ಅವರು ಪತ್ರಿಕೆಯಿಂದ ತಲೆ ಎತ್ತದೆ ಹೇಳಿದರು, "ಜ್ವರ ಬಿಡ್ತದೆ."

ಮುಚ್ಚಳವನ್ನು ಒರೆಸಿ, ಅತ್ತೆಯ ಕಣ್ಣೆದುರೇ ಒಲೆಯ ಪಕ್ಕ ಬೆಚ್ಚಗೆ ಮಾಡಿ, ವಯರುಗಳನ್ನೂ ಒರೆಸಿ ಮೊದಲಿನಂತೆ ಕೂಡಿಸಿದೆ. ಅಷ್ಟರಲ್ಲಿ ಶೆಟ್ಟರು ಬಂದರು. ಕೆಟ್ಟ ಕಾರನ್ನು ಎಳೆಯಲು ಒಂದು ಜೋಡಿ ಎತ್ತನ್ನೂ ಹೊಡೆದುಕೊಂಡು ಬಂದಿದ್ದರು.

"ಎಂತ ಬಾಯಮ್ಮ, ಎತ್ತು ಕಟ್ಟಿಸ್ಲಿಕ್ಕೆ ಆದೀತಾ?"

"ಅವನ್ನು ಸ್ವಲ್ಪ ಬದಿಗೆ ನಿಲ್ಲಿಸಿ ಶೆಟ್ರೇ, ಪಾಪ, ಹೆದರಿಯಾವು" ಎಂದು ಸ್ಟಾರ್ಟ್ ಮಾಡಿದೆ. ಒಂದೇ ಸಲಕ್ಕೆ ಎಂಜಿನ್ನು ಗುಡುಗಿತು. ಶೆಟ್ಟರನ್ನೂ ಯಜಮಾನರನ್ನೂ ಹಿಂದೆ ಕೂರಿಸಿಕೊಂಡು ನೇರ ಕುಂಬ್ಡಾಜೆಗೇ ಹೊಡೆದೆ. ಪ್ರತಿ ಸಲ ನಿಲ್ಲುತ್ತಿದ್ದ ಏರನ್ನು ಕಾರು ಮೆಟ್ಟಿಲೇರುವ ಮದುಮಗಳಂತಲ್ಲ, ಓಟ ಕಿತ್ತ ಕೋಣದಂತೆ ಹತ್ತಿತು. ಮೇಲೆ ನಿಲ್ಲಿಸಿ ಹಿಂದಕ್ಕೆ ತಿರುಗಿದೆ, ಚಪ್ಪಾಳೆಯನ್ನು ನಿರೀಕ್ಷಿಸಿ.

"ಬಾರೀ ಲಾಯ್ಕುಂಟು ಡಾಕ್ಟ್ರೇ!" ಶೆಟ್ಟರು ಸೀಟು ತಟ್ಟಿದರು. "ಇಷ್ಟು ಒಳ್ಳೇ ಕಾರು ಅಂತ ಗೊತ್ತಿರ್ಲಿಲ್ಲ. ಇವತ್ತೇ ಕೊಂಡು ಹೋಗ್ತೇನೆ."

ಗುಣವಾದ ಕಾರನ್ನು ಯಾರು ಬೇಡವೆಂದಾರು? ಇದೊಂದನ್ನು ನಾನು ಯೋಚಿಸಿಯೇ ಇರಲಿಲ್ಲ.

ಯಜಮಾನರು ಕನ್ನಡಕ ಒರೆಸಿಕೊಂಡರು. "ಕೊಂಡು ಹೋಗಿ ಶೆಟ್ರೇ. ಆದ್ರೆ ಇದರ ನಾಡಿ ಗೊತ್ತಿರುವುದು ಇವಳಿಗೆ ಮಾತ್ರ. ಕಾರಿನೊಟ್ಟಿಗೆ ಇವಳನ್ನೂ ಕರ್ಕೊಂಡು ಹೋಗ್ಬೇಕಾಗ್ತದೆ."

ಶೆಟ್ಟರು ಕಾರನ್ನು ಒಮ್ಮೆ ನೋಡಿದರು. ನನ್ನನ್ನು ತುಸು ಹೆಚ್ಚು ಹೊತ್ತು ನೋಡಿದರು. "ಬೇಡ ಮಾರಾಯ್ರೇ," ಎಂದರು, "ನನಗೆ ಎತ್ತೇ ಆದೀತು."

ಕಾರು ಉಳಿಯಿತು! ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಗತ್ತಿನಿಂದ ಗಾಡಿ ತಿರುಗಿಸಿ ಇಳಿಜಾರಿನ ಅರ್ಧಕ್ಕೆ ಬಂದಿದ್ದೆ. ಆಗ ತಲೆಗೆ ಹೊಳೆಯಿತು, ಶೆಟ್ಟರು ಬೇಡವೆಂದದ್ದು ಯಾವುದನ್ನು? ಕೇಳಿಯೇ ಬಿಡೋಣವೆಂದು ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಇಬ್ಬರೂ ಬಾಯಿಗೆ ಬಟ್ಟೆ ಒತ್ತಿಕೊಂಡು, ಒಬ್ಬರು ಆಚೆ ಕಿಟಕಿ, ಒಬ್ಬರು ಈಚೆ ಕಿಟಕಿ ನೋಡುತ್ತಿದ್ದರು. ನಾನು ಉದ್ದಕ್ಕೆ ಹಾರ್ನ್ ಬಾರಿಸಿದೆ. ಎದುರಿಗೆ ಯಾರೂ ಇರಲಿಲ್ಲ.