ನೆನಪಿಲ್ಲದ ಯಂತ್ರ

ಯೋಗಾನಂದನ ತೊಂದರೆಗೆಲ್ಲ ಮೂಲ, ಅವನ ಹೆಂಡತಿ ನಿಸರ್ಗಾ ಒಪ್ಪಿಕೊಂಡದ್ದು. ಅವಳು ಒಪ್ಪುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವನು ಎರಡು ವರ್ಷಗಳಿಂದ ಸಿಂಥಸೈಜರ್ ಬೇಕು, ಸಿಂಥಸೈಜರ್ ಬೇಕು ಎಂದು ಹೇಳಿಕೊಂಡು ಓಡಾಡುತ್ತಿದ್ದ.

ಫ್ರೀಮಾಂಟಿನ ಮನೆಯ ಗ್ಯಾರೇಜಿನಲ್ಲಿ, ವಾಷಿಂಗ್ ಮಶೀನಿಗೂ ಅಕ್ಕಿ ಚೀಲಕ್ಕೂ ನಡುವೆ ಕುರ್ಚಿ ಹಾಕಿಕೊಂಡು, ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಬೇರೆಯವರು ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ನುಡಿಸುವ ವಿಡಿಯೋ ನೋಡುವುದು ಅವನ ಸಂಜೆಯ ಅಭ್ಯಾಸ. ದಿನಾ ಕೊಲ್ಲಿಯ ಮೇಲಿನ ಸೇತುವೆ ದಾಟಿ ಆಫೀಸಿಗೆ ಹೋಗಿ, ಅದೇ ಸೇತುವೆಯ ಮೇಲೆ ತೆವಳುತ್ತ ಮನೆಗೆ ಬರುವವನಿಗೆ ಆ್ಯಂಬಿಯೆಂಟ್ ಸಂಗೀತವೆಂದರೆ ಪ್ರಾಣ. ಅದರಲ್ಲಿ ತಾಳವಿಲ್ಲ, ಮಾತಿಲ್ಲ, ಅವಸರವಂತೂ ಇಲ್ಲವೇ ಇಲ್ಲ. ಬೆಳಗಿನ ಮಂಜು ಕೊಲ್ಲಿಯ ಮೇಲೆ ಹರಡಿಕೊಳ್ಳುವ ಹಾಗೆ ಸದ್ದು ತಾನಾಗಿ ಹರಡಿಕೊಳ್ಳುತ್ತದೆ. ಅಂಥದೊಂದನ್ನು ತನ್ನ ಕೈಯಾರೆ ಹುಟ್ಟಿಸಬೇಕೆಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು.

ಆ ಶನಿವಾರ ಬೆಳಿಗ್ಗೆ ನಿಸರ್ಗಾ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಬಂದು ಹೇಳಿದಳು: "ಆಯ್ತು, ತಗೊಂಡು ಬನ್ನಿ. ಆದ್ರೆ ಅಮ್ಮಂಗೆ ಅದ್ರಿಂದ ತೊಂದ್ರೆ ಆದ್ರೆ ಇವತ್ತು ಸಾಯಂಕಾಲನೇ ರಿಟರ್ನು."

ಅಮ್ಮ ಎಂದರೆ ಸಣ್ಣತಾಯಮ್ಮ. ಹಾಸನದ ಕಡೆಯಿಂದ ಮಗಳ ಮನೆಗೆ ಬಂದು ಎರಡು ವಾರವಾಗಿತ್ತು. ಅವರು ಬಂದಿದ್ದರೇ ಹೊರತು ಅವರ ನಿದ್ದೆ ಇನ್ನೂ ಬಂದಿರಲಿಲ್ಲ. ಊರಿನ ಹಗಲು ಇಲ್ಲಿಯ ರಾತ್ರಿಯಾಗಿ, ರಾತ್ರಿಯಿಡೀ ಅಡುಗೆಮನೆಯ ಡಬ್ಬಿಗಳನ್ನು ಇಳಿಸಿ ಏರಿಸುತ್ತಿದ್ದರು. ಹಗಲೂ ಮಲಗುತ್ತಿರಲಿಲ್ಲ. ಅವರ ಜೊತೆಗೆ ಎಚ್ಚರವಿದ್ದು ಇದ್ದು ನಿಸರ್ಗಾ ಆಫೀಸಿನ ಮೀಟಿಂಗುಗಳಲ್ಲಿ ತೂಕಡಿಸಲು ಶುರುಮಾಡಿದ್ದಳು; ಸಿಂಥಸೈಜರ್ ಬೇಡವೆಂದು ವಾದಿಸುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಹೀಗೇ ಆದರೆ ಬೇಗ ಟಿಕೆಟ್ ಮಾಡಿಕೊಡು, ಹೊರಟುಬಿಡುತ್ತೇನೆ ಎಂದು ಸಣ್ಣತಾಯಮ್ಮನೂ ಹೇಳಿಯಾಗಿತ್ತು.

ಅಂಗಡಿಗೆ ಹೊರಟ ಯೋಗಾನಂದನ ಕಾರಿನಲ್ಲಿ ಪಕ್ಕದ ಮನೆಯ ಉಮಾನಾಥ ಆಗಲೇ ಸೀಟ್ ಬೆಲ್ಟ್ ಹಾಕಿಕೊಂಡು ಕೂತಿದ್ದರು. ಉಡುಪಿಯವರು, ಪಕ್ಕದ ಊರು ನೆವಾರ್ಕಿನಲ್ಲಿ ಕೆಲಸ. ಬೀದಿಯಲ್ಲಿ ಯಾರೇ ಏನೇ ಕೊಳ್ಳಲಿ, ಕುಕ್ಕರಿನಿಂದ ಕಾರಿನವರೆಗೆ, ಅವರ ಅಭಿಪ್ರಾಯವಿಲ್ಲದೆ ಕೊಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಸಿಂಥಸೈಜರ್ ಎಂಬ ಮಾತನ್ನು ಹಿಂದಿನ ಸಂಜೆಯಷ್ಟೇ ಕೇಳಿದ್ದರೂ ಫ್ರೀವೇ ಹತ್ತುವ ಹೊತ್ತಿಗೆ ಅವರು ಅದರಲ್ಲಿ ಪಂಡಿತರಾಗಿದ್ದರು.

ಅಂಗಡಿಯಲ್ಲಿ ನೋಡಿ ನೋಡಿ ಕೊನೆಗೆ ಆಯ್ಕೆಗೆ ಎರಡು ಯಂತ್ರಗಳು ಉಳಿದವು. ಎರಡೂ ಸೆಮಿ ಮಾಡ್ಯುಲರ್. ಎಂದರೆ, ವೈರು ಚುಚ್ಚದಿದ್ದರೂ ಸದ್ದು ಮಾಡುತ್ತವೆ, ಚುಚ್ಚಿದರೆ ಬೇರೆಯೇ ಸದ್ದು ಮಾಡುತ್ತವೆ. ಒಂದರಲ್ಲಿ ಮೆಮೊರಿ ಇತ್ತು, ಇಷ್ಟವಾದ ಸದ್ದನ್ನು ಉಳಿಸಿಟ್ಟುಕೊಳ್ಳಬಹುದಿತ್ತು. ಇನ್ನೊಂದರಲ್ಲಿ ಅದೇನೂ ಇರಲಿಲ್ಲ. ಯೋಗಾನಂದ ಒಂದಿಷ್ಟೂ ಯೋಚಿಸದೆ ಎರಡನೆಯದರ ಮೇಲೆ ಕೈ ಇಟ್ಟ.

"ಇವತ್ತು ಮಾಡಿದ ಸದ್ದು ನಾಳೆ ಸಿಗ್ತದಾ ಇದ್ರಲ್ಲಿ?" ಎಂದು ಉಮಾನಾಥ ಕೇಳಿದರು.

"ಸಿಗಲ್ಲ ಸಾರ್. ಅದೇ ಅದರ ಬ್ಯೂಟಿ. ಒಂದು ಗುಂಡಿ ತಿರುಗಿಸಿದ್ರೆ ಮುಗೀತು, ಆ ಸದ್ದು ಮತ್ತೆ ಬರಲ್ಲ. ಹೇಳಿದ್ದೇ ಹೇಳ್ತಾ ಇರಕ್ಕೆ ಇದೇನು ನಮ್ಮ ಮ್ಯಾನೇಜರಾ?"

"ಮೆಮೊರಿ ಇರುವುದೇ ತಗೊಳ್ಳಿ ಮಾರಾಯ್ರೆ," ಎಂದು ಉಮಾನಾಥ ದಾರಿಯುದ್ದಕ್ಕೂ ಹೇಳಿದರು. ಆಗಲೇ ಡಬ್ಬ ಹಿಂದಿನ ಸೀಟಿನಲ್ಲಿ ಕೂತಿತ್ತು.

ಮನೆಗೆ ಬಂದು ಗ್ಯಾರೇಜಿನಲ್ಲಿ ಯಂತ್ರವನ್ನು ಸ್ಪೀಕರಿಗೆ ಜೋಡಿಸಿ, ಒಳಮನೆಗೂ ಆ ಸದ್ದಿನ ಮಂಜು ಹರಡಲೆಂದು ನಡುವಿನ ಬಾಗಿಲನ್ನು ತೆರೆದಿಟ್ಟು, ಯೋಗಾನಂದ ಮೊದಲ ಗುಂಡಿ ತಿರುಗಿಸಿದ. ಹೊರಟದ್ದು ಮಂಜಲ್ಲ, ಹೊಗೆ ಎದ್ದರೆ ಎಚ್ಚರಿಸಲು ಚಾವಣಿಗೆ ಹಾಕಿರುವ ಸ್ಮೋಕ್ ಅಲಾರಮ್ಮು ಬ್ಯಾಟರಿ ಸಾಯುವಾಗ ಕೂಗುವ ಕೂಗು. ಉಮಾನಾಥರ ಹೆಂಡತಿ ಸೌದಾಮಿನಿ ಬ್ಯಾಟರಿಯನ್ನೂ ಏಣಿಯನ್ನೂ ಹೊತ್ತುಕೊಂಡು ಬಂದುಬಿಟ್ಟರು. ಅಲಾರಮ್ಮಿನದು ತಪ್ಪಿಲ್ಲ ಎಂದು ಎಷ್ಟು ಹೇಳಿದರೂ ಕೇಳದೆ, ಏಣಿ ಹತ್ತಿ ಬ್ಯಾಟರಿ ಬದಲಾಯಿಸಿಯೇ ಇಳಿದರು.

ಯೋಗಾನಂದ ಎದೆಗುಂದಲಿಲ್ಲ. ಮೊದಮೊದಲು ಹೀಗೆಯೇ ಎಂದು, ಪಕ್ಕದಲ್ಲೇ ನಿಂತಿದ್ದ ಉಮಾನಾಥರಿಗೂ ಸೌದಾಮಿನಿಯವರಿಗೂ ಸಮಾಧಾನ ಹೇಳಿ ಎರಡನೆಯ ಗುಂಡಿ ತಿರುಗಿಸಿದ. ಈ ಸಲ ಬಂದದ್ದು ಥೇಟು ಕುಕ್ಕರಿನ ವಿಷಲ್ಲು, ಅದೂ ಒಂದರ ಹಿಂದೊಂದು. ಒಳಗೆ ಸೋಫಾದ ಮೇಲೆ ಸೊಪ್ಪು ಬಿಡಿಸುತ್ತಿದ್ದ ಸಣ್ಣತಾಯಮ್ಮ ಎದ್ದು ಓಡಿಹೋಗಿ ಸ್ಟೌ ಆರಿಸಿದರು. ಆಗಷ್ಟೇ ಇಟ್ಟಿದ್ದ ಹುರುಳಿಕಾಳು ಕಲ್ಲಿನ ಹಾಗೆಯೇ ಉಳಿಯಿತು.

ನಿಸರ್ಗಾ ಬಂದು ಖಾಲಿ ಡಬ್ಬವನ್ನು ಅವನ ಮುಂದೆ ಇಟ್ಟಳು. ಅಂಗಡಿ ಮುಚ್ಚಲು ಇನ್ನೂ ಹೊತ್ತಿತ್ತು. ಎರಡು ವರ್ಷದ ಆಸೆ ಅರ್ಧ ದಿನವೂ ಬಾಳಲಿಲ್ಲವಲ್ಲ ಎಂದುಕೊಂಡು ಯೋಗಾನಂದ ಯಂತ್ರಕ್ಕೆ ಚುಚ್ಚಿದ್ದ ಕೆಂಪು ವೈರನ್ನು ಕಿತ್ತ. ಒಂದು ನಿಮಿಷ, ನಾನು ನೋಡುತ್ತೇನೆ ಎಂದು ಉಮಾನಾಥ ಅದೇ ಕ್ಷಣ ಹಳದಿ ವೈರನ್ನು ಕಣ್ಣಿಗೆ ಬಿದ್ದ ತೂತಿಗೆ ಚುಚ್ಚಿದರು. ಏಣಿ ಮಡಚುತ್ತಿದ್ದ ಸೌದಾಮಿನಿಯವರ ಮೊಣಕೈ ಮೂರು ಗುಂಡಿಗಳನ್ನು ಸವರಿಕೊಂಡು ಹೋಯಿತು.

ಆಗ ಬಂತು ಆ ಸದ್ದು. ತಗ್ಗಿನ ದನಿಯಲ್ಲಿ ಮೆಲ್ಲಗೆ ಎದ್ದು, ಉಸಿರೆಳೆದುಕೊಂಡ ಹಾಗೆ ತುಂಬಿ, ಉಸಿರು ಬಿಟ್ಟ ಹಾಗೆ ಇಳಿದು, ಪ್ರತಿ ಸಲವೂ ಒಂದಿಷ್ಟು ಬೇರೆಯಾಗಿ ಮತ್ತೆ ಬರುತ್ತಿತ್ತು. ಉಮಾನಾಥ ಕೂಡ ಬಾಯಿ ಮುಚ್ಚಿಕೊಂಡು ನಿಂತರು. ಯೋಗಾನಂದನ ಕಣ್ಣು ತುಂಬಿ ಬಂತು. ಇದನ್ನೇ ಅವನು ಬಯಸಿದ್ದು.

ಒಳಗೆ ಹೋಗಿ ನೋಡಿಬಂದ ನಿಸರ್ಗಾಳ ಕಣ್ಣಲ್ಲೂ ನೀರಿತ್ತು. ಅವಳ ಅಮ್ಮ ಸೊಪ್ಪಿನ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಸೋಫಾಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದರು. ನಿಸರ್ಗಾ ಖಾಲಿ ಡಬ್ಬವನ್ನು ತುಳಿದು ಚಪ್ಪಟೆ ಮಾಡಿ ರೀಸೈಕಲ್ ತೊಟ್ಟಿಗೆ ಹಾಕಿದಳು. ಇನ್ನು ಈ ಯಂತ್ರ ಈ ಮನೆ ಬಿಟ್ಟು ಎಲ್ಲೂ ಹೋಗುವುದಿಲ್ಲ ಎಂದಳು.

ಗೆದ್ದ ಹುರುಪಿನಲ್ಲಿ ಯೋಗಾನಂದ ಅಂಗಿಯ ತೋಳು ಮಡಚಿ ಗುಂಡಿಯ ಕಡೆ ಕೈ ಚಾಚಿದ. ನಿಸರ್ಗಾ ಅವನ ಮಣಿಕಟ್ಟು ಹಿಡಿದಳು.

"ಏನ್ಮಾಡ್ತಿದೀರಾ?"

"ಇದನ್ನ ಸ್ವಲ್ಪ ಮೇಲಕ್ಕೆ..."

"ಆಮೇಲೆ ಇದೇ ಸದ್ದು ವಾಪಸ್ ಬರತ್ತಾ?"

ಉಮಾನಾಥ ಗಂಟಲು ಸರಿಮಾಡಿಕೊಂಡರು.

"ಬರುವುದಿಲ್ಲ. ಅದೇ ಅದರ ಬ್ಯೂಟಿ."

ಗುಂಡಿಗಳ ಫೋಟೋ ತೆಗೆದಿಟ್ಟುಕೊಂಡು ಮತ್ತೆ ಹಾಗೇ ಜೋಡಿಸುತ್ತೇನೆ ಎಂದು ಯೋಗಾನಂದ ಬೇಡಿಕೊಂಡ. ಕೂದಲೆಳೆಯಷ್ಟು ಆಚೀಚೆಯಾಗಿ ಆ ಸದ್ದು ಬರದೇ ಹೋದರೆ ರಾತ್ರಿಯಿಡೀ ಅಮ್ಮನ ಜೊತೆ ನೀವು ಕೂರುತ್ತೀರಾ ಎಂದು ನಿಸರ್ಗಾ ಕೇಳಿದಳು. ಅಲ್ಲಿಗೆ ಆ ಮಾತು ನಿಂತಿತು. ಅವನು ಸದ್ದನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು, ಅತ್ತೆ ಎದ್ದ ಮೇಲೆ ಆಸೆಯಿಂದ ಕೇಳಿಸಿದ. ಸಣ್ಣತಾಯಮ್ಮ ಕಿವಿಗೊಟ್ಟು ಕೇಳಿ, ಅಲ್ಲವೆಂಬಂತೆ ತಲೆಯಾಡಿಸಿದರು.

"ಇದು ಅದಲ್ಲ ಬುಡಿ ಅಳಿಯಂದ್ರೇ. ಅದು ಹೊಸಾದ್ ಹೊಸಾದೇ ಹೇಳ್ತಿತ್ತು. ಇದು ಹೇಳಿದ್ದೇ ಹೇಳ್ತದೆ."

ಸಂಜೆಯ ಹೊತ್ತಿಗೆ ಯಂತ್ರ ಅತ್ತೆಯ ಕೋಣೆ ಸೇರಿತು. ಉಮಾನಾಥ ತಮ್ಮ ಮನೆಯಿಂದ ಟೇಪು ತಂದು ಒಂದೊಂದು ಗುಂಡಿಗೂ ಸುತ್ತಿ, ವೈರುಗಳನ್ನು ಅಲ್ಲಾಡದ ಹಾಗೆ ಅಂಟಿಸಿ, ತಮ್ಮ ಕೈಚಳಕವನ್ನು ತಾವೇ ಮೆಚ್ಚಿಕೊಂಡರು. ಬೇಗ ಹೊರಡುವ ಮಾತನ್ನು ಸಣ್ಣತಾಯಮ್ಮ ವಾಪಸು ತೆಗೆದುಕೊಂಡರು. ವೀಸಾದ ಆರು ತಿಂಗಳೂ ಇದ್ದೇ ಹೋಗುತ್ತೇನೆ, ಹೋಗುವಾಗ ಅಳಿಯಂದಿರ ಈ ಸದ್ದಿನ ಪೆಟ್ಟಿಗೆಯನ್ನೂ ಊರಿಗೆ ಒಯ್ಯುತ್ತೇನೆ ಎಂದರು.

ಯೋಗಾನಂದ ಗ್ಯಾರೇಜಿಗೆ ಹೋಗಿ ವಾಷಿಂಗ್ ಮಶೀನಿಗೂ ಅಕ್ಕಿ ಚೀಲಕ್ಕೂ ನಡುವೆ ಕೂತು, ಹೆಡ್‌ಫೋನು ಹಾಕಿಕೊಂಡು, ಬೇರೆಯವರು ನುಡಿಸುವ ವಿಡಿಯೋ ನೋಡತೊಡಗಿದ. ಬಟ್ಟೆ ತೆಗೆಯಲು ಬಂದ ನಿಸರ್ಗಾಳಿಗೆ, ಆ ಮೆಮೊರಿ ಇರುವ ಯಂತ್ರ ಅಂಗಡಿಯಲ್ಲಿ ಇನ್ನೂ ಇದೆ ಎಂದು ಮೆಲ್ಲಗೆ ಹೇಳಿ ನೋಡಿದ.

"ಇನ್ನೊಂದ್ಯಾಕೆ?" ಎಂದಳು ಅವಳು, ಎಷ್ಟೋ ದಿನಗಳ ಮೇಲೆ ನಗುತ್ತ. "ಮನೇಲಿ ಒಂದಿದೆಯಲ್ಲ."